ದೂರದ ಹಕ್ಕಿಗೆ ಅಂಗೈಯಗಲದ ಕ್ಯಾಮೆರಾ

ಸಾಂಗ್ಲಿ ಜಿಲ್ಲೆಯ ಮಿರಜ ತಾಲ್ಲೂಕಿನಲ್ಲಿ ಪೂರ್ವದ ಖಂಡೇರಾಜುರಿ, ಬೇಡಗ, ಆರಗ, ಸಲಗರೆಗಳ ಕಡೆಗೆ ಸಾಗಿದಂತೆ ಕೃಷ್ಣಾ ತೀರದ ಕಬ್ಬಿನ ಹಸಿರು ಹಿಂದೆ ಸರಿದು, ಮರಗಳು ವಿರಳವಾಗಿ, ಜೋಳದ ಹೊಲ, ದ್ರಾಕ್ಷಿ ತೋಟ ಮತ್ತು ನೇಗಿಲು ಕಾಣದ ಕಲ್ಲುಮಡ್ಡಿಗಳು ಒಂದರ ಪಕ್ಕ ಒಂದು ಹರಡಿಕೊಂಡ ಬಯಲು ತೆರೆದುಕೊಳ್ಳುತ್ತದೆ. ಸಹ್ಯಾದ್ರಿಯ ಮಳೆನೆರಳಿಗೆ ಸೇರಿದ ಈ ಸೀಮೆಯಲ್ಲಿ ದಂಡೋಬಾ ಗುಡ್ಡದಂಥ ಕೆಲವು ಎತ್ತರಗಳನ್ನು ಬಿಟ್ಟರೆ ದೃಷ್ಟಿಗೆ ಅಡ್ಡಬರುವ ವಸ್ತುಗಳೇ ಕಡಿಮೆಯಾದ್ದರಿಂದ, ಹಕ್ಕಿಗೆ ಮನುಷ್ಯ ಕಾಣಿಸುವುದು ಮೊದಲು, ಮನುಷ್ಯನಿಗೆ ಹಕ್ಕಿ ಕಾಣಿಸುವುದು ಆಮೇಲೆ. ಕಾಡಿನಲ್ಲಿ ಮರದ ಮರೆಯಿಂದ, ಕೆರೆಯಂಚಿನಲ್ಲಿ ಜೊಂಡಿನ ಮರೆಯಿಂದ ಹಕ್ಕಿಯ ಹತ್ತಿರ ಸರಿಯಬಹುದು. ಬೋಳು ಮಡ್ಡಿಯ ಮೇಲೆ ಆ ಅನುಕೂಲವಿಲ್ಲ. ಅಲ್ಲಿ ನೋಡುವವನಿಗೂ ಹಕ್ಕಿಗೂ ನಡುವಿನ ಅಂತರವನ್ನು ನಿರ್ಧರಿಸುವುದು ಹಕ್ಕಿಯೇ, ಮತ್ತು ಅದು ಸಾಮಾನ್ಯವಾಗಿ ಸಾಧಾರಣ ಕ್ಯಾಮೆರಾದ ಅಳವಿಗೆ ಮೀರಿದ ಅಂತರವಾಗಿರುತ್ತದೆ.

ಈ ಅಂತರವನ್ನು ಕಾಲ್ನಡಿಗೆಯಿಂದ ಕಡಿಮೆ ಮಾಡದೆ ಗಾಜಿನಿಂದಲೇ ದಾಟುವ ವಿಧಾನವೊಂದು ಕಳೆದ ಕಾಲು ಶತಮಾನದಲ್ಲಿ ಹಕ್ಕಿವೀಕ್ಷಕರ ನಡುವೆ ಬೆಳೆದುಬಂದಿದೆ. ಹಕ್ಕಿ ನೋಡಲೆಂದೇ ಮಾಡಿದ, ಒಂದೇ ಕಣ್ಣಿನಿಂದ ನೋಡುವ ಸಣ್ಣ ದೂರದರ್ಶಕವನ್ನು, ಅಂದರೆ ಸ್ಪಾಟಿಂಗ್ ಸ್ಕೋಪನ್ನು, ಟ್ರೈಪಾಡಿನ ಮೇಲೆ ನಿಲ್ಲಿಸಿ, ಕಣ್ಣಿಡುವ ಜಾಗದಲ್ಲಿ ಜೇಬಿನಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾವನ್ನು ಇಟ್ಟು ಚಿತ್ರ ತೆಗೆಯುವುದೇ ಈ ವಿಧಾನ. ಇದಕ್ಕೆ ಡಿಜಿಸ್ಕೋಪಿಂಗ್ ಎಂದು ಹೆಸರು. ದುಬಾರಿ ಲೆನ್ಸ್ ಕೊಳ್ಳಲಾಗದವರ ಪರ್ಯಾಯವೆಂದು ಇದನ್ನು ಬಹುಕಾಲ ಕಾಣಲಾಗಿದ್ದರೂ, ಮಿರಜದ ಪೂರ್ವ ಭಾಗದಂಥ ಬಯಲು ಸೀಮೆಗಳನ್ನು ಗಮನದಲ್ಲಿಟ್ಟು ನೋಡಿದರೆ ಇದರ ನಿಜವಾದ ಬೆಲೆ ಉಳಿತಾಯದಲ್ಲಿಲ್ಲ, ಹಕ್ಕಿಯನ್ನು ಅದರ ಪಾಡಿಗೆ ಬಿಟ್ಟು ಅದರ ದಾಖಲೆಯನ್ನು ಪಡೆಯುವುದರಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಕೋವಿಯಿಂದ ಗಾಜಿನವರೆಗೆ

ದಖ್ಖನಿನ ಹಕ್ಕಿಗಳ ಅಧ್ಯಯನ ಆರಂಭವಾದದ್ದು ಕೋವಿಯಿಂದ. ಕರ್ನಲ್ ಡಬ್ಲ್ಯು. ಎಚ್. ಸೈಕ್ಸ್ ಎಂಬ ಸೇನಾಧಿಕಾರಿ 1832ರಲ್ಲಿ ದಖ್ಖನಿನ ಹಕ್ಕಿಗಳ ಪಟ್ಟಿಯನ್ನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮೂಲಕ ಪ್ರಕಟಿಸಿದನು. ಒಣನೆಲದ ಜುಟ್ಟಿನ ನೆಲಗುಬ್ಬಿಯೊಂದು ಇಂದಿಗೂ ಅವನ ಹೆಸರನ್ನು ಹೊತ್ತಿದೆ. 1878ರಲ್ಲಿ ಡೇವಿಡ್‌ಸನ್ ಮತ್ತು ವೆಂಡೆನ್ ಎಂಬಿಬ್ಬರು ದಖ್ಖನಿನ ಹಕ್ಕಿಗಳ ಕುರಿತ ವಿಸ್ತಾರವಾದ ಬರಹವನ್ನು ಎ. ಒ. ಹ್ಯೂಮ್ ನಡೆಸುತ್ತಿದ್ದ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರು. ಆ ಕಾಲದಲ್ಲಿ ಹಕ್ಕಿ ಇಂಥದೇ ಎಂದು ಹೇಳಲು ಅದರ ಚರ್ಮ ಕೈಯಲ್ಲಿರಬೇಕಿತ್ತು. ದೂರದಿಂದ ಕಂಡದ್ದು ಸಾಕ್ಷ್ಯವೆನಿಸುತ್ತಿರಲಿಲ್ಲ. ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗಲೂ ಮಾದರಿಗಳ ಸಂಗ್ರಹ ಅಧ್ಯಯನದ ಅಂಗವಾಗಿಯೇ ಇತ್ತು.

ಕೋವಿಯ ಜಾಗಕ್ಕೆ ದುರ್ಬೀನು ಮತ್ತು ಕ್ಯಾಮೆರಾ ಬಂದ ಮೇಲೆ ಕರ್ನಾಟಕದಲ್ಲಿ ಹಕ್ಕಿ ಛಾಯಾಗ್ರಹಣದ ಒಂದು ಗಟ್ಟಿ ಪರಂಪರೆಯೇ ಬೆಳೆಯಿತು. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ಫಿಲ್ಮ್ ಕ್ಯಾಮೆರಾಗಳಿಂದ ಈ ಕಲೆಗೆ ಹೆಸರು ತಂದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆಯುವುದರ ಜತೆಗೆ ಅವುಗಳ ಬಗ್ಗೆ ಬರೆದು ಕನ್ನಡದ ಸಾಮಾನ್ಯ ಓದುಗನನ್ನೂ ಈ ಹವ್ಯಾಸದ ಕಡೆಗೆ ಸೆಳೆದರು. ಆ ತಲೆಮಾರಿನ ಉಪಕರಣಗಳ ಮಿತಿಯಲ್ಲಿ ಹಕ್ಕಿಯ ಚಿತ್ರ ದೊಡ್ಡದಾಗಿ ಬರಬೇಕಾದರೆ ಹತ್ತಿರದಲ್ಲಿರುವುದು ಅನಿವಾರ್ಯವಾಗಿತ್ತು: ಬಟ್ಟೆ ಅಥವಾ ಸೊಪ್ಪಿನಿಂದ ಹೈಡ್ ಎನ್ನುವ ಮರೆಯನ್ನು ಕಟ್ಟಿ, ಅದರೊಳಗೆ ಗಂಟೆಗಟ್ಟಲೆ ಕೂತು ಕಾಯಬೇಕಿತ್ತು. ದೂರದಿಂದಲೇ ತೆಗೆಯಬಲ್ಲ ಉದ್ದ ಲೆನ್ಸುಗಳು ಇದ್ದವಾದರೂ, 600 ಮಿಲಿಮೀಟರಿನ ವೃತ್ತಿಪರ ಲೆನ್ಸೊಂದು ಐದು ಕಿಲೋಗೂ ಹೆಚ್ಚು ತೂಗಿ, ಲಕ್ಷಗಟ್ಟಲೆ ರೂಪಾಯಿ ಬೆಲೆಬಾಳುತ್ತಿದ್ದುದರಿಂದ ಅವು ಹೆಚ್ಚಿನವರ ಕೈಗೆಟುಕುವಂತಿರಲಿಲ್ಲ.

ಬದಲಾವಣೆ ಬಂದದ್ದು 1999ರಲ್ಲಿ. ಮಲೇಷ್ಯಾದ ಹಕ್ಕಿವೀಕ್ಷಕ ಲಾರೆನ್ಸ್ ಪೋ ಎಂಬವರು ಆ ವರ್ಷ ಮಾರುಕಟ್ಟೆಗೆ ಬಂದ ನಿಕಾನ್ ಕೂಲ್‌ಪಿಕ್ಸ್ 950 ಎಂಬ ಸಣ್ಣ ಡಿಜಿಟಲ್ ಕ್ಯಾಮೆರಾವನ್ನು ಲೈಕಾ ಸ್ಕೋಪಿನ ಕಣ್ಣಿನ ಗಾಜಿಗೆ ಹಿಡಿದು ನೋಡಿದಾಗ, ನಿರೀಕ್ಷೆಗೂ ಮೀರಿದ ಸ್ಪಷ್ಟ ಚಿತ್ರಗಳು ಬಂದವು. ಅವರು ತಮ್ಮ ಚಿತ್ರಗಳನ್ನೂ ವಿಧಾನವನ್ನೂ ಜಗತ್ತಿನ ಹಕ್ಕಿವೀಕ್ಷಕರೊಡನೆ ಧಾರಾಳವಾಗಿ ಹಂಚಿಕೊಂಡರು. ಫ್ರಾನ್ಸಿನ ಅಲೇನ್ ಫೋಸೆ ಇದಕ್ಕೆ ಈಗಿನ ಹೆಸರನ್ನು ಕೊಟ್ಟರು. ದೂರದರ್ಶಕದ ಮೂಲಕ ಚಿತ್ರ ತೆಗೆಯುವುದು ಫಿಲ್ಮಿನ ಕಾಲದಲ್ಲೂ ನಡೆದಿತ್ತಾದರೂ, ಕಪ್ಪುಗಟ್ಟಿದ ವ್ಯೂಫೈಂಡರಿನಲ್ಲಿ ಫೋಕಸ್ ಮಾಡುವುದು ಕಷ್ಟವಾಗಿತ್ತು ಮತ್ತು ಚಿತ್ರ ಬಂದಿದೆಯೋ ಇಲ್ಲವೋ ಎಂಬುದು ಫಿಲ್ಮ್ ತೊಳೆದ ಮೇಲಷ್ಟೇ ತಿಳಿಯುತ್ತಿತ್ತು. ಡಿಜಿಟಲ್ ಕ್ಯಾಮೆರಾದ ಹಿಂಬದಿಯ ಪರದೆ ಈ ಎರಡು ತೊಡಕನ್ನೂ ಒಮ್ಮೆಗೇ ನಿವಾರಿಸಿತು.

ಗಾಜಿನೊಳಗಿನ ಗಣಿತ

ಸ್ಕೋಪಿನ ಮುಂದಿನ ದೊಡ್ಡ ಗಾಜಿಗೆ ವಸ್ತುಮಸೂರವೆಂದೂ, ಕಣ್ಣಿಡುವ ಕಡೆಯ ಗಾಜಿಗೆ ನೇತ್ರಮಸೂರವೆಂದೂ ಹೆಸರು. ವಸ್ತುಮಸೂರವು ದೂರದ ಹಕ್ಕಿಯಿಂದ ಬಂದ ಬೆಳಕನ್ನು ಒಟ್ಟುಗೂಡಿಸಿ ಕೊಳವೆಯೊಳಗೆ ಒಂದು ಬಿಂಬವನ್ನು ಮೂಡಿಸುತ್ತದೆ. ನೇತ್ರಮಸೂರವು ಆ ಬಿಂಬವನ್ನು ದೊಡ್ಡದಾಗಿಸಿ, ಅದರ ಕಿರಣಗಳನ್ನು ಸಮಾನಾಂತರವಾಗಿ ಹೊರಗೆ ಬಿಡುತ್ತದೆ. ಈ ಸಮಾನಾಂತರ ಕಿರಣಗಳನ್ನು ಮತ್ತೆ ಕೂಡಿಸಿ ಚಿತ್ರವಾಗಿಸಲು ಇನ್ನೊಂದು ಮಸೂರ ಬೇಕು. ಸ್ಕೋಪಿಗೆ ಕಣ್ಣಿಟ್ಟು ನೋಡುವಾಗ ಆ ಕೆಲಸವನ್ನು ಕಣ್ಣೊಳಗಿನ ಮಸೂರ ಮಾಡಿದರೆ, ಡಿಜಿಸ್ಕೋಪಿಂಗಿನಲ್ಲಿ ಕ್ಯಾಮೆರಾದ ಲೆನ್ಸ್ ಮಾಡುತ್ತದೆ. ಆದ್ದರಿಂದಲೇ ಇಲ್ಲಿ ಕ್ಯಾಮೆರಾದ ಲೆನ್ಸನ್ನು ಕಳಚುವ ಪ್ರಶ್ನೆಯಿಲ್ಲ. ಕಣ್ಣು ಇರಬೇಕಾದ ಜಾಗದಲ್ಲಿ ಇಡೀ ಕ್ಯಾಮೆರಾ ಕೂರುತ್ತದೆ.

ಹೀಗೆ ಜೋಡಿಸಿದಾಗ ಸ್ಕೋಪಿನ ವರ್ಧನೆಯೂ ಕ್ಯಾಮೆರಾದ ಸಂಗಮದೂರವೂ ಪರಸ್ಪರ ಗುಣಿಸಿಕೊಳ್ಳುತ್ತವೆ. ಸಂಗಮದೂರವೆಂದರೆ ಲೆನ್ಸ್ ಎಷ್ಟು ದೂರದ್ದನ್ನು ಎಷ್ಟು ಹತ್ತಿರ ತರುತ್ತದೆ ಎಂಬುದನ್ನು ಸೂಚಿಸುವ ಅಳತೆ. ಕೂಲ್‌ಪಿಕ್ಸ್ 950ರ ಜೂಮ್ ಲೆನ್ಸ್, ಹಳೆಯ 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ, 38ರಿಂದ 115 ಮಿಲಿಮೀಟರಿಗೆ ಸಮನಾದದ್ದು. 20 ಪಟ್ಟು ವರ್ಧಿಸುವ ಸ್ಕೋಪಿನ ಹಿಂದೆ ಅದನ್ನು ಪೂರ್ತಿ ಜೂಮಿನಲ್ಲಿ ಇಟ್ಟರೆ 115ನ್ನು 20ರಿಂದ ಗುಣಿಸಿದ 2,300 ಮಿಲಿಮೀಟರ್ ಸಿಗುತ್ತದೆ. ಇದರ ಅರ್ಥವನ್ನು ಖಂಡೇರಾಜುರಿಯ ಆಸುಪಾಸಿನ ಯಾವುದೇ ಮಡ್ಡಿಯಲ್ಲಿ 100 ಮೀಟರ್ ದೂರ ನಿಂತ, ಸುಮಾರು 27 ಸೆಂಟಿಮೀಟರ್ ಉದ್ದದ ಹಳದಿ ಟಿಟ್ಟಿಭವೊಂದನ್ನು ಇಟ್ಟುಕೊಂಡು ಬಿಡಿಸಬಹುದು. ಕ್ಯಾಮೆರಾ ಒಂದರಿಂದಲೇ ತೆಗೆದರೆ ಚೌಕಟ್ಟಿನಲ್ಲಿ ಸುಮಾರು 31 ಮೀಟರ್ ಅಗಲದ ಬಯಲು ಸೇರಿಕೊಂಡು, 1,600 ಚುಕ್ಕೆಗಳ ಅಗಲದ ಚಿತ್ರದಲ್ಲಿ ಹಕ್ಕಿಯ ಪಾಲಿಗೆ ಬರುವುದು 14 ಚುಕ್ಕೆ ಮಾತ್ರ. ಅದು ಹಕ್ಕಿಯೋ ಕಲ್ಲೋ ಎಂದು ಹೇಳುವುದೂ ಕಷ್ಟ. ಸ್ಕೋಪನ್ನು ಸೇರಿಸಿದರೆ ಚೌಕಟ್ಟಿನ ಅಗಲ ಒಂದೂವರೆ ಮೀಟರಿಗೆ ಇಳಿದು, ಅದೇ ಹಕ್ಕಿಗೆ 275ರಷ್ಟು ಚುಕ್ಕೆಗಳು ದೊರೆಯುತ್ತವೆ. ಆಗ ಕೊಕ್ಕಿನ ಬುಡದಿಂದ ಇಳಿಬಿದ್ದ ಹಳದಿ ತೊಗಲು, ಕಪ್ಪು ನೆತ್ತಿ, ಅದರ ಸುತ್ತಲ ಬಿಳಿ ಪಟ್ಟಿ, ಹಳದಿ ಕಾಲು ಎಲ್ಲವೂ ಬೇರೆಬೇರೆಯಾಗಿ ಕಾಣುತ್ತವೆ.

ಹಾಗಿದ್ದರೆ 60 ಪಟ್ಟು ವರ್ಧಿಸಿದರೆ ಇನ್ನೂ ಚೆನ್ನಾಗಿರುವುದಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ಎರಡು ನಿಯಮಗಳಲ್ಲಿದೆ. ಮೊದಲನೆಯದು ಬೆಳಕಿನದು. ಜೋಡಣೆಯ ಬೆಳಕಿನ ಅಳತೆಯಾದ ಎಫ್ ಸಂಖ್ಯೆಯನ್ನು ತಿಳಿಯಲು ಕ್ಯಾಮೆರಾ ಲೆನ್ಸಿನ ನಿಜವಾದ ಸಂಗಮದೂರವನ್ನು ವರ್ಧನೆಯಿಂದ ಗುಣಿಸಿ, ವಸ್ತುಮಸೂರದ ವ್ಯಾಸದಿಂದ ಭಾಗಿಸಬೇಕು. ಮೇಲಿನ ಕ್ಯಾಮೆರಾದ ನಿಜವಾದ ಸಂಗಮದೂರ ಪೂರ್ತಿ ಜೂಮಿನಲ್ಲಿ 21 ಮಿ.ಮೀ.; ಸ್ಕೋಪಿನ ವಸ್ತುಮಸೂರ 80 ಮಿ.ಮೀ. ವ್ಯಾಸದ್ದಾದರೆ 20 ಪಟ್ಟಿನಲ್ಲಿ ಎಫ್ 5.25 ಸಿಗುತ್ತದೆ, 60 ಪಟ್ಟಿನಲ್ಲಿ ಅದು ಎಫ್ 15.75ಕ್ಕೆ ಏರುತ್ತದೆ. ಈ ಸಂಖ್ಯೆ ಮೂರು ಪಟ್ಟು ಹೆಚ್ಚಿದಾಗ ಸೆನ್ಸರಿಗೆ ತಲುಪುವ ಬೆಳಕು ಒಂಬತ್ತರಲ್ಲಿ ಒಂದು ಪಾಲಾಗುವುದರಿಂದ, ಸೆಕೆಂಡಿನ 250ನೇ ಒಂದು ಭಾಗದಲ್ಲಿ ಮುಗಿಯುತ್ತಿದ್ದ ಚಿತ್ರಕ್ಕೆ ಸುಮಾರು 28ನೇ ಒಂದು ಭಾಗದಷ್ಟು ಹೊತ್ತು ಬೇಕಾಗುತ್ತದೆ. ಅಷ್ಟರಲ್ಲಿ ಹಕ್ಕಿ ತಲೆ ತಿರುಗಿಸಿರುತ್ತದೆ, ಇಲ್ಲವೇ ಗಾಳಿಗೆ ಸ್ಕೋಪು ಅಲುಗಿರುತ್ತದೆ.

ಎರಡನೆಯ ನಿಯಮ ಬೆಳಕಿನ ಅಲೆಯ ಗುಣಕ್ಕೆ ಸಂಬಂಧಿಸಿದ್ದು. ಯಾವುದೇ ಮಸೂರ ಎರಡು ಪಕ್ಕದ ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಬಲ್ಲ ಸಾಮರ್ಥ್ಯಕ್ಕೆ ಅದರ ವ್ಯಾಸವೇ ಕಟ್ಟಕಡೆಯ ಮಿತಿ. 80 ಮಿ.ಮೀ. ವಸ್ತುಮಸೂರ 100 ಮೀಟರ್ ದೂರದಲ್ಲಿ ಸುಮಾರು 0.8 ಮಿ.ಮೀ.ಗಿಂತ ಸೂಕ್ಷ್ಮವಾದುದನ್ನು ಬಿಡಿಸಿ ತೋರಿಸಲಾರದು. 20 ಪಟ್ಟಿನ ಮೇಲಿನ ಉದಾಹರಣೆಯಲ್ಲೇ ಚಿತ್ರದ ಒಂದೊಂದು ಚುಕ್ಕೆ ಹಕ್ಕಿಯ ಮೈಮೇಲಿನ ಒಂದು ಮಿಲಿಮೀಟರನ್ನು ಪ್ರತಿನಿಧಿಸುತ್ತಿದ್ದು, ಮಸೂರದ ಮಿತಿಯ ಹತ್ತಿರಕ್ಕೆ ಆಗಲೇ ಬಂದಾಗಿದೆ. ಅಲ್ಲಿಂದಾಚೆಗೆ ವರ್ಧನೆಯನ್ನು ಹೆಚ್ಚಿಸಿದಂತೆ ಹಕ್ಕಿ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರವೇನೂ ಸೇರುವುದಿಲ್ಲ. ಹಿಟ್ಟು ಅಷ್ಟೇ ಇದ್ದು ನೀರು ಮಾತ್ರ ಹೆಚ್ಚಿದ ಅಂಬಲಿಯಂತೆ ಚಿತ್ರ ತೆಳುವಾಗುತ್ತದೆ. ಅನುಭವಿಗಳು 20ರಿಂದ 30 ಪಟ್ಟಿನ ಒಳಗೇ ಉಳಿಯುವುದರ ಹಿಂದೆ ಈ ಎರಡು ಕಾರಣಗಳೂ ಇವೆ.

ಸಣ್ಣ ಕ್ಯಾಮೆರಾವೇ ಏಕೆ

ನೇತ್ರಮಸೂರದಿಂದ ಹೊರಬರುವ ಬೆಳಕು ಅದರ ಹಿಂದೆ ತುಸು ದೂರದಲ್ಲಿ ಒಂದು ಪುಟ್ಟ ವೃತ್ತವಾಗಿ ಕೂಡಿಕೊಳ್ಳುತ್ತದೆ. ವಸ್ತುಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಈ ವೃತ್ತದ ಅಳತೆ ಸಿಗುತ್ತದೆ: 80 ಮಿ.ಮೀ. ಸ್ಕೋಪಿನಲ್ಲಿ 20 ಪಟ್ಟಿಗೆ 4 ಮಿ.ಮೀ., 60 ಪಟ್ಟಿಗೆ 1.3 ಮಿ.ಮೀ. ಕ್ಯಾಮೆರಾ ಲೆನ್ಸಿನ ಬೆಳಕಿನ ಕಿಂಡಿ ಸರಿಯಾಗಿ ಈ ವೃತ್ತದ ಮೇಲೆಯೇ ಕೂರಬೇಕು. ಅದು ಹಿಂದಕ್ಕೆ ಅಥವಾ ಮುಂದಕ್ಕೆ ಸರಿದರೆ ಚಿತ್ರದ ನಾಲ್ಕು ಮೂಲೆಗಳು ಕಪ್ಪಾಗಿ, ನಡುವೆ ದುಂಡನೆಯ ಕಿಟಕಿಯಲ್ಲಿ ಹಕ್ಕಿ ಸಿಕ್ಕಿಕೊಂಡಂತೆ ಕಾಣುತ್ತದೆ. ಛಾಯಾಗ್ರಹಣದಲ್ಲಿ ಇದನ್ನು ವಿನ್ಯೆಟಿಂಗ್ ಎನ್ನುತ್ತಾರೆ. ಅಕ್ಕಪಕ್ಕಕ್ಕೆ ಸರಿದರೆ ಒಂದು ಬದಿಯಿಂದ ಅರ್ಧಚಂದ್ರದಂಥ ಕತ್ತಲೆ ನುಗ್ಗುತ್ತದೆ.

ದೊಡ್ಡ ಎಸ್‌ಎಲ್‌ಆರ್ ಕ್ಯಾಮೆರಾಗಳ ಲೆನ್ಸಿನಲ್ಲೂ 20-30 ಪಟ್ಟು ಜೂಮ್ ಇರುವ ಕ್ಯಾಮೆರಾಗಳಲ್ಲೂ ಈ ಕಿಂಡಿ ಗಾಜುಗಳ ಸಾಲಿನ ಹಿಂದೆ, ಕೊಳವೆಯ ಆಳದಲ್ಲಿ ಇರುವುದರಿಂದ, ಸ್ಕೋಪಿನ ಪುಟ್ಟ ವೃತ್ತ ಅದನ್ನು ತಲುಪುವುದು ಸಾಮಾನ್ಯವಾಗಿ ಕಷ್ಟ. ಮೂರು ಅಥವಾ ನಾಲ್ಕು ಪಟ್ಟು ಜೂಮ್ ಇರುವ ಕಾಂಪ್ಯಾಕ್ಟ್ ಕ್ಯಾಮೆರಾದ ಲೆನ್ಸ್ ಚಿಕ್ಕದಾದ್ದರಿಂದ ಕಿಂಡಿ ಮುಂಭಾಗಕ್ಕೆ ಹತ್ತಿರವಿದ್ದು, ತುಸು ಜೂಮ್ ಮಾಡಿದೊಡನೆ ಕಪ್ಪು ಮೂಲೆಗಳು ಮಾಯವಾಗುತ್ತವೆ. ಅಂಗಡಿಯಲ್ಲಿ ಹೆಚ್ಚು ಜೂಮ್ ಇರುವುದೇ ಹೆಚ್ಚಿನ ಕ್ಯಾಮೆರಾ ಎನಿಸಿಕೊಂಡರೆ, ಸ್ಕೋಪಿನ ಹಿಂದೆ ಕಡಿಮೆ ಜೂಮಿನದೇ ಮೇಲು. ಕೂಲ್‌ಪಿಕ್ಸ್ 950 ಮತ್ತು ಅದರ ನಂತರ ಬಂದ 990, 995, 4500 ಮಾದರಿಗಳು ಈ ಹವ್ಯಾಸಿಗಳ ನಡುವೆ ದಂತಕಥೆಯಂತಾದುದಕ್ಕೆ ಇನ್ನೂ ಎರಡು ಕಾರಣಗಳಿದ್ದವು: ಜೂಮ್ ಮಾಡಿದಾಗ ಅವುಗಳ ಲೆನ್ಸ್ ಹೊರಕ್ಕೆ ಚಾಚಿ ನೇತ್ರಮಸೂರಕ್ಕೆ ಬಡಿಯುತ್ತಿರಲಿಲ್ಲ ಮತ್ತು ಲೆನ್ಸಿನ ಬಾಯಿಯಲ್ಲಿ 28 ಮಿ.ಮೀ. ಮರೆ, ಅಂದರೆ ತಿರುಪು ಹಾಕಲು ಬರುವ ಗೀರು, ಇದ್ದುದರಿಂದ ಸ್ಕೋಪಿಗೆ ಜೋಡಿಸುವ ಉಂಗುರವನ್ನು ನೇರವಾಗಿ ತಿರುಗಿಸಿ ಕೂರಿಸಬಹುದಿತ್ತು.

ಈ ಉಂಗುರಕ್ಕೆ ಅಡಾಪ್ಟರ್ ಎಂದು ಹೆಸರು. ಸ್ಕೋಪ್ ತಯಾರಕರು ಮಾರುವ ಅಡಾಪ್ಟರುಗಳು ದುಬಾರಿಯಾದ್ದರಿಂದ ಅನೇಕ ದೇಶಗಳಲ್ಲಿ ಹವ್ಯಾಸಿಗಳು ಪಿವಿಸಿ ಪೈಪಿನ ತುಂಡು, ಔಷಧದ ಡಬ್ಬಿ, ಬಾಟಲಿಯ ಮುಚ್ಚಳಗಳಿಂದಲೇ ಅದನ್ನು ಮಾಡಿಕೊಂಡರು. ಕೊಳವೆಬಾವಿಗೂ ದ್ರಾಕ್ಷಿ ತೋಟದ ಹನಿ ನೀರಾವರಿಗೂ ಬೇಕಾದ ಎಲ್ಲ ಅಳತೆಯ ಪೈಪು, ಕಪ್ಲಿಂಗ್, ರೆಡ್ಯೂಸರುಗಳು ಸಿಗುವ ಮಿರಜ-ಸಾಂಗ್ಲಿಯಂಥ ಊರುಗಳಲ್ಲಿ ಇದು ಕಷ್ಟದ ಕೆಲಸವಲ್ಲ. ನೇತ್ರಮಸೂರದ ಹೊರ ವ್ಯಾಸಕ್ಕೆ ಬಿಗಿಯಾಗಿ ಕೂರುವ ಕಪ್ಲಿಂಗನ್ನು ಆರಿಸಿ, ಒಳಬದಿಗೆ ಕಪ್ಪು ಬಣ್ಣ ಬಳಿದು ಅಥವಾ ವೆಲ್ವೆಟ್ ಬಟ್ಟೆ ಅಂಟಿಸಿ ಬೆಳಕಿನ ಪ್ರತಿಫಲನವನ್ನು ತಡೆದು, ಕ್ಯಾಮೆರಾದ ಲೆನ್ಸ್ ಗಾಜಿಗೆ ತಾಗದಂತೆ ಉದ್ದವನ್ನು ಕತ್ತರಿಸಿಕೊಂಡರೆ ಸಾಕು. ಈ ಉದ್ದವೇ ಇಡೀ ಜೋಡಣೆಯ ಜೀವಾಳವಾದ್ದರಿಂದ ಮೊದಲು ಉದ್ದವಾಗಿಯೇ ಇಟ್ಟುಕೊಂಡು, ಪರದೆಯಲ್ಲಿ ಕಪ್ಪು ಮೂಲೆಗಳು ಕಾಣೆಯಾಗುವವರೆಗೆ ಸ್ವಲ್ಪಸ್ವಲ್ಪವೇ ಉಜ್ಜಿ ಕಡಿಮೆ ಮಾಡುತ್ತ ಹೋಗುವುದು ಒಳ್ಳೆಯದು.

ಬಯಲಿನಲ್ಲಿ ಕೆಲಸ

ಮೊದಲು ಸ್ಕೋಪಿನಲ್ಲಿ ಕಣ್ಣಿನಿಂದಲೇ ಹಕ್ಕಿಯನ್ನು ಹುಡುಕಿ, ಅದರ ಕಣ್ಣಿನ ಹೊಳಪು ಸ್ಪಷ್ಟವಾಗುವಂತೆ ಫೋಕಸ್ ಮಾಡಿಕೊಂಡು, ಆಮೇಲೆ ಕ್ಯಾಮೆರಾವನ್ನು ಕೂರಿಸುವುದು ವಾಡಿಕೆಯ ಕ್ರಮ. ನೋಡುವವನ ಕಣ್ಣಿನಲ್ಲಿ ಸಣ್ಣ ದೋಷವಿದ್ದರೆ ಉಳಿದುಹೋಗುವ ಫೋಕಸಿನ ವ್ಯತ್ಯಾಸವನ್ನು ಕ್ಯಾಮೆರಾದ ಆಟೋಫೋಕಸ್ ಸರಿಪಡಿಸುತ್ತದೆ. ಫ್ಲ್ಯಾಶನ್ನು ಆರಿಸಿಡಬೇಕು, ಅದು 100 ಮೀಟರ್ ತಲುಪುವುದಿಲ್ಲ, ಸ್ಕೋಪಿನ ಹಿಂಬದಿಗೆ ಬಡಿದು ಚಿತ್ರವನ್ನು ಕೆಡಿಸುತ್ತದೆ. 2,000 ಮಿಲಿಮೀಟರಿಗೂ ಮೀರಿದ ಸಂಗಮದೂರದಲ್ಲಿ ಗುಂಡಿ ಒತ್ತುವ ಬೆರಳಿನ ಕಂಪನವೂ ಚಿತ್ರವನ್ನು ಮಸುಕಾಗಿಸುವುದರಿಂದ, ಎರಡು ಸೆಕೆಂಡಿನ ಸೆಲ್ಫ್ ಟೈಮರನ್ನೋ ಕೇಬಲ್ ರಿಲೀಸನ್ನೋ ಬಳಸುತ್ತಾರೆ. ಒಮ್ಮೆ ಒತ್ತಿದರೆ ಹಲವು ಚಿತ್ರಗಳನ್ನು ಸಾಲಾಗಿ ತೆಗೆಯುವ ಬರ್ಸ್ಟ್ ವ್ಯವಸ್ಥೆ ಇದ್ದರೆ ಇನ್ನೂ ಅನುಕೂಲ. ಹತ್ತು ಚಿತ್ರಗಳಲ್ಲಿ ಒಂದೆರಡಾದರೂ ಗಾಳಿ ನಿಂತ ಗಳಿಗೆಯಲ್ಲಿ ಬಂದಿರುತ್ತವೆ. ಹಿಂಬದಿಯ ಪರದೆ ಬಿಸಿಲಿಗೆ ಕಾಣದೆಹೋಗುವ ತೊಂದರೆಗೆ ಕಪ್ಪು ರಟ್ಟಿನಿಂದ ಮಡಚಿ ಮಾಡಿದ ಮರೆಯೇ ಮದ್ದು.

ಮಡ್ಡಿಯ ಮೇಲೆ ಗಾಳಿಗೆ ತಡೆಯಿಲ್ಲ. ಟ್ರೈಪಾಡಿನ ನಡುಗಂಬವನ್ನು ಎತ್ತರಿಸದೆ, ಕಾಲುಗಳನ್ನು ಅಗಲಿಸಿ ತಗ್ಗಿನಲ್ಲಿ ನಿಲ್ಲಿಸಿ, ಕೊಕ್ಕೆಗೆ ಚೀಲವನ್ನು ತೂಗುಹಾಕಿ ಭಾರ ಕೊಡುವುದು ಅಗತ್ಯವಾಗುತ್ತದೆ. ನೆಲದ ಮೇಲೆ ಕೂತು ತೆಗೆಯುವವರಿಗೆ ನೇತ್ರಮಸೂರ 45 ಡಿಗ್ರಿ ಓರೆಯಾಗಿರುವ ಸ್ಕೋಪು ನೇರ ಸ್ಕೋಪಿಗಿಂತ ಹೆಚ್ಚು ಒದಗಿಬರುತ್ತದೆ. ಆದರೆ ಗಾಳಿಗಿಂತ ದೊಡ್ಡ ಶತ್ರು ಬಿಸಿಲು. ಕಾದ ನೆಲದ ಮೇಲಿನ ಗಾಳಿ ಬೇರೆಬೇರೆ ಸಾಂದ್ರತೆಯ ಪದರಗಳಾಗಿ ಏಳುತ್ತ, ಅದರ ಮೂಲಕ ಹಾಯುವ ಕಿರಣಗಳನ್ನು ಕ್ಷಣಕ್ಷಣವೂ ಬೇರೆಬೇರೆ ಕಡೆಗೆ ಬಾಗಿಸುವುದರಿಂದ ದೂರದ ಹಕ್ಕಿ ನೀರಿನೊಳಗಿದ್ದಂತೆ ಕುಣಿಯುತ್ತದೆ. ಎಷ್ಟೇ ದುಬಾರಿ ಗಾಜಾದರೂ ಇದನ್ನು ಸರಿಪಡಿಸಲಾರದು. ಕಪ್ಪು ಎರೆಮಣ್ಣು ಬಿಸಿಲನ್ನು ಹೆಚ್ಚು ಹೀರಿಕೊಳ್ಳುವುದರಿಂದ ಉತ್ತ ಹೊಲದ ಮೇಲೆ ಈ ತೊಂದರೆ ಬೇಗ ಶುರುವಾಗುತ್ತದೆ. ಹುಲ್ಲು ಮುಚ್ಚಿದ ಮಡ್ಡಿಯ ಮೇಲೆ ಅಥವಾ ನೀರಿನ ಮೇಲೆ ತುಸು ತಡವಾಗುತ್ತದೆ. ಆದ್ದರಿಂದ ಸೂರ್ಯೋದಯದ ನಂತರದ ಎರಡು ಗಂಟೆ ಮತ್ತು ಸಂಜೆಯ ಕೊನೆಯ ಗಂಟೆಯೇ ಕೆಲಸದ ಹೊತ್ತು. ಮಧ್ಯಾಹ್ನ ತೆಗೆಯಲೇಬೇಕಾದರೆ ಹತ್ತಿರದ ಹಕ್ಕಿಯನ್ನು ಆರಿಸಿಕೊಳ್ಳಬೇಕು.

ಹಾರುವ ಹಕ್ಕಿಗೆ ಈ ವಿಧಾನ ಒದಗುವುದಿಲ್ಲ. ಚೌಕಟ್ಟು ಒಂದೂವರೆ ಮೀಟರ್ ಅಗಲವಿರುವಾಗ ಹಾರುವ ಗಿಡುಗವನ್ನು ಅದರೊಳಗೆ ತರುವುದೇ ಅಸಾಧ್ಯವೆನ್ನಬಹುದು. ನಿಲ್ಲುವ, ಕೂರುವ, ಮೇಯುವ ಹಕ್ಕಿಗಳಿಗೆ ಇದು ಹೇಳಿ ಮಾಡಿಸಿದ್ದು. ಒಣಬಯಲಿನ ಇಂಡಿಯನ್ ಕೋರ್ಸರ್ ಎಂಬ ಹಕ್ಕಿ ಇದಕ್ಕೆ ಒಳ್ಳೆಯ ಉದಾಹರಣೆ: ಇಟ್ಟಿಗೆಗೆಂಪು ಎದೆ, ಕಣ್ಣಿನ ಮೇಲೆ ಹಾದುಹೋಗುವ ಬಿಳಿ ಹುಬ್ಬು, ಅದರ ಕೆಳಗೆ ಕಪ್ಪು ಗೆರೆ ಇರುವ ಈ ಹಕ್ಕಿ ಒಮ್ಮೆಗೇ ಹತ್ತಾರು ಹೆಜ್ಜೆ ಓಡಿ, ತಟ್ಟನೆ ನಿಂತು, ಮೈಯನ್ನು ನೆಟ್ಟಗೆ ಎತ್ತಿ ಸುತ್ತ ನೋಡಿ, ಬಾಗಿ ಹುಳವನ್ನು ಕುಕ್ಕಿ, ಮತ್ತೆ ಓಡುತ್ತದೆ. ಅದು ಓಡುವಾಗ ಸ್ಕೋಪಿನಲ್ಲಿ ಹಿಂಬಾಲಿಸುತ್ತ ಇದ್ದು, ನಿಂತು ತಲೆ ಎತ್ತಿದ ಗಳಿಗೆಯಲ್ಲಿ ಷಟರ್ ಒತ್ತುವ ಲಯವನ್ನು ಕಲಿಯುವುದರಲ್ಲಿಯೇ ಈ ವಿದ್ಯೆಯ ಅರ್ಧ ಭಾಗವಿದೆ.

ದೂರವೇ ದಾಕ್ಷಿಣ್ಯ

ಹಳದಿ ಟಿಟ್ಟಿಭ ಬೇಸಿಗೆಯ ಒಣನೆಲದಲ್ಲಿ, ಯಾವ ಗೂಡನ್ನೂ ಕಟ್ಟದೆ, ಕಲ್ಲುಹರಳುಗಳ ನಡುವಿನ ಸಣ್ಣ ತಗ್ಗಿನಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವ ಆ ಮೊಟ್ಟೆಗಳು ಪಕ್ಕದಲ್ಲೇ ಹಾದುಹೋದರೂ ಕಾಣುವುದಿಲ್ಲ. ಉರಿಬಿಸಿಲಿನಲ್ಲಿ ತಾಯ್ತಂದೆ ಹಕ್ಕಿಗಳು ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕಲ್ಲ, ನೆರಳು ಮಾಡಲಿಕ್ಕೆ. ನೀರಿರುವಲ್ಲಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಸುವುದೂ ಉಂಟು. ಫೋಟೊಗಾಗಿ ಒಬ್ಬರು ಹತ್ತಿರ ಸರಿದು ಅರ್ಧ ಗಂಟೆ ನಿಂತರೆ, ಹಕ್ಕಿ ಕೂಗುತ್ತ ಸುತ್ತ ಹಾರುತ್ತದೆ, ಅಷ್ಟರಲ್ಲಿ ಮೊಟ್ಟೆಯೊಳಗಿನ ಜೀವ ಬೆಂದುಹೋಗಬಹುದು. ತಾಯಿಯನ್ನು ಎಬ್ಬಿಸಿದ್ದನ್ನು ಕಂಡ ಕಾಗೆಗೂ ನಾಯಿಗೂ ಮೊಟ್ಟೆಯ ಜಾಗ ತಿಳಿದುಬಿಡುತ್ತದೆ. ಮರದ ಮೇಲಿನ ಗೂಡಿಗಿಂತ ನೆಲದ ಮೇಲಿನ ಗೂಡಿಗೆ ಈ ಅಪಾಯ ಹೆಚ್ಚು, ಮತ್ತು ಬಯಲು ಸೀಮೆಯ ಹಕ್ಕಿಗಳಲ್ಲಿ ಟಿಟ್ಟಿಭ, ನೆಲಗುಬ್ಬಿ, ಗೌಜಲು, ಕೋರ್ಸರ್ ಮೊದಲಾದ ಬಹುಪಾಲು ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆ ಇಡುವಂಥವು. ಸ್ಕೋಪು ಕೈಯಲ್ಲಿದ್ದವನಿಗೆ ಹತ್ತಿರ ಹೋಗಬೇಕೆಂಬ ಒತ್ತಡವೇ ಇರುವುದಿಲ್ಲ. ಹಾಗೆಂದು ಗೂಡಿನ ಚಿತ್ರ ತೆಗೆಯಲು ಇದು ಪರವಾನಗಿಯೂ ಅಲ್ಲ. ಹಕ್ಕಿ ತಲೆ ಎತ್ತಿ ಕೂಗಲು ಆರಂಭಿಸಿದರೆ 100 ಮೀಟರ್ ಕೂಡ ಹತ್ತಿರವೇ ಎಂದು ತಿಳಿದು ಹಿಂದೆ ಸರಿಯಬೇಕು.

ದೂರದಿಂದ ತೆಗೆದ ಚಿತ್ರದ ಇನ್ನೊಂದು ಉಪಯೋಗ ಗುರುತು ಹಿಡಿಯುವುದರಲ್ಲಿದೆ. ಚಳಿಗಾಲದಲ್ಲಿ ದಖ್ಖನಿನ ಬಯಲಿಗೆ ಬರುವ ಹ್ಯಾರಿಯರ್ ಎಂಬ ಗಿಡುಗಗಳಲ್ಲಿ ಮಾಂಟೆಗು ಮತ್ತು ಪ್ಯಾಲಿಡ್ ಎಂಬ ಎರಡು ಜಾತಿಗಳ ಹೆಣ್ಣುಗಳನ್ನು ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಪ್ಯಾಲಿಡ್ ಹೆಣ್ಣಿನ ಕೆನ್ನೆಯ ಹಿಂದೆ ಕೊರಳ ಸುತ್ತ ಎದ್ದು ಕಾಣುವ ಮಾಸಲು ಬಿಳಿ ಪಟ್ಟಿ ಇರುತ್ತದೆ. ಮಾಂಟೆಗು ಹೆಣ್ಣಿನಲ್ಲಿ ಅದು ಹಾಗೆ ಕಾಣುವುದಿಲ್ಲ. ಇವು ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೆ ತಂಗುವುದರಿಂದ, ಬೆಳಗಿನ ಹೊತ್ತು ಹಾರುವ ಮೊದಲು ದಿಣ್ಣೆಯ ಮೇಲೆ ಕೂತಾಗ ದೂರದಿಂದ ತೆಗೆದ ಒಂದು ಚಿತ್ರ ಆಮೇಲೆ ನಿಧಾನವಾಗಿ ನೋಡಿ ನಿರ್ಧರಿಸಲು ಸಾಕಾಗುತ್ತದೆ. ಜಿನುಗು ಕೆರೆಗಳ ಕೆಸರಂಚಿನಲ್ಲಿ ಓಡಾಡುವ ಸ್ಟಿಂಟ್ ಎಂಬ ಪುಟ್ಟ ವಲಸೆ ಹಕ್ಕಿಗಳಲ್ಲೂ ಹೀಗೆಯೇ: ಕಾಲು ಕಪ್ಪಗಿದ್ದರೆ ಲಿಟಲ್ ಸ್ಟಿಂಟ್, ಹಳದಿ ಛಾಯೆಯಿದ್ದರೆ ಟೆಮಿಂಕ್ ಸ್ಟಿಂಟ್, ಕಾಲಿಗೆ ಕೆಸರು ಮೆತ್ತಿಕೊಂಡಿದ್ದರೆ ತೊಳೆದುಕೊಳ್ಳುವವರೆಗೂ ಕಾದು ತೆಗೆಯಬೇಕು.

ಇದಕ್ಕಿಂತಲೂ ದೊಡ್ಡ ಉಪಯೋಗ ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿದೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಗದಗ ಜಿಲ್ಲೆಯ ಮಾಗಡಿ ಕೆರೆ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಮೊದಲಾದೆಡೆ ಕಳೆಯುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಅಕ್ಷರ ಮತ್ತು ಅಂಕಿ ಬರೆದ ಕೊರಳುಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಹದಿನಾರು ಕೆರೆಯಲ್ಲಿ ಕಂಡುಬಂದಿವೆ. ಕೊರಳುಪಟ್ಟಿಯ ಬರಹವನ್ನು ದೂರದಿಂದಲೇ ಓದಲು ಸಾಧ್ಯವಾದರೆ ಹಕ್ಕಿಯನ್ನು ಮತ್ತೆ ಹಿಡಿಯದೆಯೇ ಅದು ಎಲ್ಲಿಂದ ಎಲ್ಲಿಗೆ ಬಂತು ಎಂಬುದು ತಿಳಿಯುತ್ತದೆ. ಓದಿದ್ದು ಸರಿಯೇ ಎಂಬ ಅನುಮಾನಕ್ಕೆ ಚಿತ್ರವೇ ಉತ್ತರ. ಸೈಕ್ಸನ ಕಾಲದಲ್ಲಿ ಹಕ್ಕಿಯ ಚರ್ಮ ನೀಡುತ್ತಿದ್ದ ಸಾಕ್ಷ್ಯವನ್ನು ಇಂದು ಹಕ್ಕಿಗೆ ಗೊತ್ತೇ ಆಗದಂತೆ ತೆಗೆದ ಚಿತ್ರವೊಂದು ನೀಡುತ್ತದೆ.

ಫೋನಿನ ಕಾಲದಲ್ಲಿ

ಕಾಂಪ್ಯಾಕ್ಟ್ ಕ್ಯಾಮೆರಾಗಳ ಕಾಲ ಬಹುಮಟ್ಟಿಗೆ ಮುಗಿದಿದೆ. 2015ರಲ್ಲಿ ನಿಕಾನ್ ಪಿ900, 2018ರಲ್ಲಿ 3,000 ಮಿಲಿಮೀಟರಿಗೆ ಸಮನಾದ ಜೂಮ್ ಇರುವ ಪಿ1000 ಬಂದ ಮೇಲೆ ಸ್ಕೋಪಿಲ್ಲದೆಯೇ ದೂರದ ಹಕ್ಕಿಯನ್ನು ತೆಗೆಯುವುದು ಸಾಧ್ಯವಾಯಿತು. ಇನ್ನೊಂದು ಕಡೆ ಕ್ಯಾಮೆರಾದ ಜಾಗವನ್ನು ಫೋನು ಹಿಡಿಯಿತು. ಆದರೆ ವಿಧಾನ ಬದಲಾಗಿಲ್ಲ. ಫೋನಿನ ಲೆನ್ಸ್ ಇನ್ನೂ ಚಿಕ್ಕದಾಗಿದ್ದು ಅದರ ಕಿಂಡಿ ಮೇಲ್ಮೈಯಲ್ಲೇ ಇರುವುದರಿಂದ ನೇತ್ರಮಸೂರದ ಬೆಳಕಿನ ವೃತ್ತಕ್ಕೆ ಅದನ್ನು ಹೊಂದಿಸುವುದು ಕಾಂಪ್ಯಾಕ್ಟಿಗಿಂತಲೂ ಸುಲಭ. ಅಗಲ ನೋಟದ ಲೆನ್ಸಾದ್ದರಿಂದ ಮೂಲೆಗಳ ಕಪ್ಪನ್ನು ಹೋಗಲಾಡಿಸಲು ಸುಮಾರು ಎರಡು ಪಟ್ಟು ಜೂಮ್ ಬೇಕಾಗುತ್ತದೆ, ಅಷ್ಟೆ. ವಸ್ತುಮಸೂರದ ವ್ಯಾಸ, ಬೆಳಗಿನ ತಂಪು ಗಾಳಿ, ಅಲುಗದ ಟ್ರೈಪಾಡು, 20-30 ಪಟ್ಟಿನ ಸಂಯಮ ಇವು 1999ರಲ್ಲಿದ್ದಂತೆಯೇ ಇಂದಿಗೂ ಸಲ್ಲುತ್ತವೆ. ಹಾಗಾಗಿ ಹೊಸದಾಗಿ ಆರಂಭಿಸುವವರು ಹಣ ಹೂಡಬೇಕಾದದ್ದು ಕ್ಯಾಮೆರಾದ ಮೇಲಲ್ಲ, ಸ್ಕೋಪು ಮತ್ತು ಟ್ರೈಪಾಡಿನ ಮೇಲೆ. ಕ್ಯಾಮೆರಾ ಹಳತಾಗುವಷ್ಟು ಬೇಗ ಒಳ್ಳೆಯ ಗಾಜು ಹಳತಾಗುವುದಿಲ್ಲ.

ಮಿರಜದ ಪೂರ್ವ ಭಾಗಕ್ಕೆ ಈ ವಿಧಾನ ಇನ್ನೊಂದು ಕಾರಣಕ್ಕೂ ಮುಖ್ಯ. ಕೃಷ್ಣಾ ನದಿಯ ನೀರನ್ನು ಎತ್ತಿ ಮಿರಜ, ಕವಠೆ ಮಹಾಂಕಾಳ, ಜತ್ತ ತಾಲ್ಲೂಕುಗಳಿಗೆ ಹರಿಸುವ ಮ್ಹೈಸಾಳ ಏತ ನೀರಾವರಿ ಯೋಜನೆಯಿಂದ ಬರದ ಬಯಲಿಗೆ ಬೆಳೆ ಬಂದಿದೆ, ರೈತನ ಬದುಕು ಹಸನಾಗಿದೆ. ಅದರ ಜತೆಗೆ ಒಣಮಡ್ಡಿಯನ್ನೇ ನಂಬಿದ ಹಕ್ಕಿಗಳ ನೆಲ ಕಿರಿದಾಗಿ, ನೀರನ್ನು ನೆಚ್ಚಿದ ಹಕ್ಕಿಗಳಿಗೆ ಹೊಸ ಆಸರೆ ಸಿಗುವುದೂ ಸಹಜ. ತೆರೆದ ಬಯಲಿನ ಹಕ್ಕಿಗಳು ದೇಶದಾದ್ಯಂತ ಇಳಿಮುಖವಾಗಿರುವುದನ್ನು 2023ರ ಭಾರತೀಯ ಹಕ್ಕಿಗಳ ಸ್ಥಿತಿಗತಿ ವರದಿ ಎತ್ತಿ ತೋರಿಸಿದೆ. ಒಂದು ಸೀಮೆಯಲ್ಲಿ ಯಾವ ಹಕ್ಕಿ ಯಾವಾಗ ಕಡಿಮೆಯಾಯಿತು, ಯಾವುದು ಹೊಸದಾಗಿ ಬಂತು ಎಂದು ಹೇಳಲು ವರ್ಷಗಟ್ಟಲೆ ಕೂಡಿಟ್ಟ ಸಾಕ್ಷ್ಯ ಬೇಕು, ಮತ್ತು ಅದನ್ನು ಕೂಡಿಡಬಲ್ಲವರು ಆಗೊಮ್ಮೆ ಈಗೊಮ್ಮೆ ಬಂದುಹೋಗುವ ತಜ್ಞರಿಗಿಂತ ಅಲ್ಲಿಯೇ ಇರುವ ಶಿಕ್ಷಕರು, ವಿದ್ಯಾರ್ಥಿಗಳು, ರೈತರು. ಶಾಲೆಗೊಂದು ಸ್ಕೋಪು, ಒಂದು ಟ್ರೈಪಾಡು, ಯಾರದೋ ಜೇಬಿನಲ್ಲಿರುವ ಫೋನು ಅಥವಾ ಕಪಾಟಿನಲ್ಲಿ ಮರೆತುಹೋದ ಹಳೆಯ ಡಿಜಿಟಲ್ ಕ್ಯಾಮೆರಾ, ಇಷ್ಟಿದ್ದರೆ ಆ ಕೆಲಸ ಆರಂಭವಾಗುತ್ತದೆ. ಚಿತ್ರದ ಜತೆಗೆ ದಿನಾಂಕ, ಹೊತ್ತು, ಹೊಲದ ಅಥವಾ ಕೆರೆಯ ಹೆಸರು, ಹಕ್ಕಿಗಳ ಸಂಖ್ಯೆ, ಅಂದಾಜು ದೂರ ಇವನ್ನು ಬರೆದಿಡುವ ಶಿಸ್ತೊಂದು ಸೇರಿದರೆ, ಮಸುಕಾಗಿ ಬಂದ ಚಿತ್ರಕ್ಕೂ ಪ್ರದರ್ಶನದ ಗೋಡೆಯ ಮೇಲಿನ ಸುಂದರ ಚಿತ್ರಕ್ಕಿಲ್ಲದ ಬೆಲೆ ಬರುತ್ತದೆ.